ಹಗ್ಗ ಕಂಡರೆ ನಡುಗುವ ನಾಯಿ, ಹೊಲದ ಮನೆ, ಚಿರತೆ: ರಾತ್ರಿ ಏನು ಮಾಡಬೇಕು?

ಗುಡ್ಡದ ಕೆಳಗಿನ ಮನೆ, ಗಂಗಾವತಿ
ಜನವರಿ 12, ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ. ನಾಲ್ಕು ದಿನದಿಂದ ನಮ್ಮ ಮನೆಯಲ್ಲಿ ಇದೇ ಮಾತು, ಯಾರಿಗೂ ಸರಿಯಾಗಿ ನಿದ್ದೆಯಿಲ್ಲ.

ನಮ್ಮದು ಗಂಗಾವತಿ ತಾಲ್ಲೂಕಿನ ಒಂದು ಹಳ್ಳಿ. ಊರಿನಿಂದ ಒಂದೂವರೆ ಕಿಲೋಮೀಟರ್ ಆಚೆ, ಹೊಲದಲ್ಲೇ ಮನೆ. ಒಂದು ಕಡೆ ಎಡದಂಡೆ ಕಾಲುವೆ ನೀರಿನ ಗದ್ದೆ, ಇನ್ನೊಂದು ಕಡೆ ಬಂಡೆಗಲ್ಲಿನ ಗುಡ್ಡ. ಅಪ್ಪ, ಅವ್ವ, ನಾನು, ತಮ್ಮ, ಎರಡು ಎಮ್ಮೆ, ಒಂದು ಆಕಳು, ಅದರ ಕರು, ಮತ್ತೆ ಸಜ್ಜಿ.

ಸಜ್ಜಿ ಬಂದದ್ದು 2024ರ ಆಗಸ್ಟ್‌ನಲ್ಲಿ, ತುಂಗಭದ್ರಾ ಡ್ಯಾಮಿನ 19ನೇ ಗೇಟು ಕಿತ್ತುಹೋದ ವಾರ. ನಾಟಿ ಮಾಡಿದ ಭತ್ತಕ್ಕೆ ನೀರು ಉಳಿಯುತ್ತದೋ ಇಲ್ಲವೋ ಅಂತ ಅಪ್ಪ ದಿನಕ್ಕೆ ನಾಲ್ಕು ಸಲ ಕಾಲುವೆ ನೋಡಿಕೊಂಡು ಬರುತ್ತಿದ್ದರು. ಅಂಥ ಒಂದು ಸಂಜೆ ತೂಬಿನ ಹತ್ತಿರ ಮರಿ ಸಿಕ್ಕಿತು. ಐದಾರು ತಿಂಗಳಿರಬೇಕು. ಕೊರಳಲ್ಲಿ ಪ್ಲಾಸ್ಟಿಕ್ ಹಗ್ಗ. ಯಾರೋ ಸಣ್ಣದಿದ್ದಾಗ ಕಟ್ಟಿ ಬಿಟ್ಟಿದ್ದಾರೆ. ಮರಿ ಬೆಳೆದಿದೆ, ಹಗ್ಗ ಬೆಳೆದಿಲ್ಲ. ಚರ್ಮದೊಳಗೇ ಇಳಿದಿತ್ತು. ಹತ್ತಿರ ಹೋದರೆ ವಾಸನೆ.

ಪಶು ಆಸ್ಪತ್ರೆಯ ಡಾಕ್ಟರು ಸಣ್ಣ ಕತ್ತರಿಯಲ್ಲಿ ಒಂದೊಂದೇ ಎಳೆ ಬಿಡಿಸಿದರು. ಅವ್ವ ಅದರ ತಲೆ ಹಿಡಿದು ಕೂತಿದ್ದಳು. ಕಚ್ಚಲಿಲ್ಲ. ಅವ್ವನ ಸೆರಗಿನ ತುದಿಯನ್ನು ಬಾಯಲ್ಲಿ ಹಿಡಿದುಕೊಂಡು ನಡುಗುತ್ತಿತ್ತು, ಅಷ್ಟೇ. ವಾಪಸ್ ಬರುವಾಗ ಅವ್ವನೇ ಹೆಸರಿಟ್ಟಳು. ಮೈ ಬಣ್ಣ ಥೇಟ್ ಸಜ್ಜಿ ರೊಟ್ಟಿ, ಅಲ್ಲಲ್ಲಿ ಸುಟ್ಟ ಕಪ್ಪು ಚುಕ್ಕೆ ಕೂಡ.

ಈಗ ಅವಳನ್ನು ನೋಡಬೇಕು ನೀವು. ಬೆಳಿಗ್ಗೆ ಐದಕ್ಕೆ ಅವ್ವ ಹಾಲು ಹಿಂಡಲು ಕೂತರೆ ಸಜ್ಜಿ ಕರುವಿನ ಪಕ್ಕ ಕೂರುತ್ತಾಳೆ. ನೊರೆ ಏರಿದ ಮೇಲೆ ಚರಿಗೆಯಿಂದ ಒಂದಿಷ್ಟು ಅವಳ ತಟ್ಟೆಗೆ. ಆಮೇಲೆ ಅಪ್ಪನ ಹಿಂದೆ ಬದುವಿನ ಮೇಲೆ. ಅಪ್ಪ ನಿಂತರೆ ನಿಲ್ಲುತ್ತಾಳೆ, ಕೂತರೆ ಅವರ ಚಪ್ಪಲಿಯ ಮೇಲೆ ಗದ್ದ ಇಡುತ್ತಾಳೆ. ಬೆಳ್ಳಕ್ಕಿ ಕಂಡರೆ ಮಾತ್ರ ತಡೆಯಲು ಆಗುವುದಿಲ್ಲ. ಕೆಸರಲ್ಲಿ ನಾಲ್ಕೂ ಕಾಲು ಎತ್ತಿ ಹಾಕುತ್ತಾ ಓಡುತ್ತಾಳೆ. ಈವರೆಗೆ ಒಂದೂ ಸಿಕ್ಕಿಲ್ಲ. ಸಿಗಬೇಕು ಅಂತ ಅವಳಿಗೆ ಇದ್ದಂಗೂ ಇಲ್ಲ, ಓಡಿದರೆ ಸಾಕು. ತಮ್ಮ ಸಂಜೆ ಟಿವಿಎಸ್‌ನಲ್ಲಿ ಬರುವಾಗ ಗಾಡಿ ಇನ್ನೂ ಕಾಲುವೆ ಸೇತುವೆ ದಾಟಿರುವುದಿಲ್ಲ, ಇವಳ ಬಾಲ ಶುರು. ಬರೀ ಬಾಲ ಅಲ್ಲ, ಸೊಂಟದಿಂದ ಹಿಂದೆ ಇಡೀ ಮೈ ಅಲ್ಲಾಡುತ್ತದೆ. ಹೋದ ತಿಂಗಳು ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲುವಾಗ ಅಪ್ಪನ ಹಿಂದೆ ಹೊಲ ಪೂರ್ತಿ ಸುತ್ತಿದಳು. ಚೆಲ್ಲಿದ್ದಕ್ಕೆ ಬಾಯಿ ಹಾಕಲಿಲ್ಲ. ಅಪ್ಪ ಕೊನೆಗೆ ಕೈಯಲ್ಲಿ ಹೋಳಿಗೆ ಕೊಟ್ಟ ಮೇಲೇ ತಿಂದಳು.

ಒಂದೇ ಕಷ್ಟ. ಹಗ್ಗ. ಎಮ್ಮೆ ಕಟ್ಟಲು ಕಣ್ಣಿ ತೆಗೆದರೂ ಬಣವೆ ಹಿಂದೆ ಹೋಗಿ ಅಡಗುತ್ತಾಳೆ. ಒಮ್ಮೆ ತಮ್ಮ ಮೆತ್ತನೆಯ ಬೆಲ್ಟ್ ತಂದು ಕೊರಳಿಗೆ ಹಾಕಿದ. ನಿಂತಲ್ಲೇ ಉಚ್ಚೆ ಹೊಯ್ದುಕೊಂಡಳು. ಎರಡು ದಿನ ಅನ್ನ ಮುಟ್ಟಲಿಲ್ಲ. ಅವತ್ತಿನಿಂದ ಕಟ್ಟಿಯೇ ಇಲ್ಲ. ರಾತ್ರಿ ಕೊಟ್ಟಿಗೆಯಲ್ಲಿ ಗೋದಲಿಯ ಹುಲ್ಲಿನ ಮೇಲೆ ಮಲಗುತ್ತಾಳೆ, ಮನಸ್ಸಾದಾಗ ಹೊಲ ಸುತ್ತಿ ಬರುತ್ತಾಳೆ.

ಹೋದ ಗುರುವಾರ ಪಕ್ಕದ ಹೊಲದವರ ನಾಯಿಯನ್ನು ಚಿರತೆ ಹೊತ್ತೊಯ್ದಿದೆ. ನಮ್ಮ ಬೋರಿನ ಹತ್ತಿರವೂ ಹೆಜ್ಜೆ ಇದೆ. ಡ್ಯಾಮಿನ ಗೇಟು ಬದಲಿಸುವ ಕೆಲಸಕ್ಕೆ ಈ ಸಲ ಎರಡನೇ ಬೆಳೆಗೆ ನೀರು ಬಿಟ್ಟಿಲ್ಲ ಅಲ್ವಾ. ಬೇರೆ ವರ್ಷ ಈ ಹೊತ್ತಿಗೆ ರಾತ್ರಿಯೆಲ್ಲಾ ನೀರು ಕಟ್ಟುವವರ ಟಾರ್ಚು ಓಡಾಡುತ್ತಿದ್ದವು. ಈಗ ಸುತ್ತಲೂ ಕತ್ತಲೆ, ಜನವೇ ಇಲ್ಲ.

ಅಪ್ಪ ಹೇಳುವುದು, ಕೊಟ್ಟಿಗೆಯಲ್ಲಿ ಕಟ್ಟಿಹಾಕೋಣ, ಗುಡ್ಡದ ಕಡೆ ಹೋಗದಿದ್ದರೆ ಸಾಕು ಅಂತ. ಅವ್ವ ಹೇಳುವುದು, ಒಳಗೆ ಕರೆದುಕೊಳ್ಳೋಣ ಅಂತ. ಅದಕ್ಕೆ ಅಪ್ಪ ಒಪ್ಪುವುದಿಲ್ಲ. ಒಳಗೆ ದೇವರ ಜಗಲಿ ಇದೆ, ನಾಯಿ ಹೊಸ್ತಿಲು ದಾಟಬಾರದು ಅನ್ನುತ್ತಾರೆ. ಸಜ್ಜಿ ಮೇಲೆ ಅವರಿಗೆ ಪ್ರೀತಿ ಕಮ್ಮಿ ಅಂತಲ್ಲ. ಬೆಳೆದು ಬಂದ ರೀತಿ ಹಾಗೆ. ನಿಮ್ಮಲ್ಲಿ ಯಾರಾದರೂ ಹೊಲದ ಮನೆಯವರಿದ್ದರೆ ಹೇಳಿ. ನೀವು ಏನು ಮಾಡುತ್ತೀರಿ?

ಕುರಿಹಟ್ಟಿ, ಕನಕಗಿರಿ
ಜನವರಿ 12, ರಾತ್ರಿ 10.25

ಅಕ್ಕಾರೆ, ಕೊಟ್ಟಿಗೆಯಲ್ಲಿ ಕಟ್ಟಬೇಡಿ. ಕೈ ಮುಗಿದು ಹೇಳುತ್ತೇನೆ.

ನಮ್ಮದು ಕುರಿ ಮನೆತನ. ಮೂರು ವರ್ಷದ ಹಿಂದೆ ಒಂದು ನಾಯಿ ಜಾಸ್ತಿ ಅಲೆಯುತ್ತದೆ ಅಂತ ಸರಪಳಿ ಹಾಕಿ ಜಾಲಿ ಗಿಡಕ್ಕೆ ಕಟ್ಟಿದ್ದೆವು. ರಾತ್ರಿ ಒಂದೇ ಒಂದು ಸದ್ದು ಬಂತು. ಬೊಗಳಿದ್ದಲ್ಲ. ಸರಪಳಿ ಜಗ್ಗಿ ಬಿಗಿಯಾದ ಸದ್ದು. ನಾನು ಬ್ಯಾಟರಿ ಹಿಡಿದು ಓಡುವಷ್ಟರಲ್ಲಿ ಬರೀ ಕೊರಳಪಟ್ಟಿ ಬಿದ್ದಿತ್ತು. ಕಟ್ಟಿದ ನಾಯಿಗೆ ಓಡಲೂ ಆಗುವುದಿಲ್ಲ, ತಿರುಗಿ ನಿಲ್ಲಲೂ ಆಗುವುದಿಲ್ಲ. ಆ ಸದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ.

ಹಾಗಂತ ಬಿಡಲೂಬೇಡಿ. ನಮ್ಮ ಹಟ್ಟಿಯಲ್ಲಿ ನಾಲ್ಕು ನಾಯಿ, ಸುತ್ತ ನಾವೂ ಮಲಗಿರುತ್ತೇವೆ, ಬೆಂಕಿ ಇರುತ್ತದೆ. ಎರಡಕ್ಕೆ ಕಮ್ಮಾರರ ಹತ್ತಿರ ಮುಳ್ಳಿನ ಪಟ್ಟಿ ಮಾಡಿಸಿದ್ದೇವೆ, ಚಿರತೆ ಮೊದಲು ಬಾಯಿ ಹಾಕುವುದೇ ಕುತ್ತಿಗೆಗೆ. ನಿಮ್ಮ ಸಜ್ಜಿ ಒಂಟಿ. ಕೊರಳಿಗೆ ಪಟ್ಟಿಯನ್ನೂ ಹಾಕುವಂತಿಲ್ಲ. ಒಂಟಿ ನಾಯಿ ಅಂದರೆ ಚಿರತೆಗೆ ಕುರಿಗಿಂತ ಸಲೀಸು.

ನಾಲ್ಕು ಗೋಡೆ, ಒಂದು ಬಾಗಿಲು. ಬೇರೆ ದಾರಿ ನನಗೆ ಕಾಣುವುದಿಲ್ಲ.

ಅಂಗಳದ ಬೇವು, ಲಿಂಗಸುಗೂರು
ಜನವರಿ 12, ರಾತ್ರಿ 10.50

ಮರಿ ಬೆಳೆದಿದೆ ಹಗ್ಗ ಬೆಳೆದಿಲ್ಲ ಅಂತ ಬರೆದದ್ದು ಓದಿ ಕಣ್ಣಲ್ಲಿ ನೀರು ಬಂತು ತಂಗಿ. ನಿಮ್ಮವ್ವನಿಗೆ ನನ್ನ ನಮಸ್ಕಾರ ಹೇಳು. ಸಜ್ಜಿ ಏನು ತಿನ್ನುತ್ತಾಳೆ? ಫೋಟೋ ಇದ್ದರೆ ಹಾಕು.

ನಿವೃತ್ತ ಪಶು ಪರೀಕ್ಷಕ, ಕುಷ್ಟಗಿ
ಜನವರಿ 13, ಬೆಳಿಗ್ಗೆ 6.10

ಕನಕಗಿರಿಯ ತಮ್ಮ ಹೇಳಿದ್ದು ನೂರಕ್ಕೆ ನೂರು ಸರಿ. ಬಾಗಿಲಿರುವ ಜಾಗ ಬೇಕು. ಕಟ್ಟುವ ಮಾತನ್ನು ಅಪ್ಪಾಜಿಯವರು ದಯವಿಟ್ಟು ಬಿಟ್ಟುಬಿಡಲಿ.

ಮನೆಯೊಳಗೆ ಆಗದೇ ಇದ್ದರೆ ಹೊರಗೆ ಒಂದು ಗೂಡು ಕಟ್ಟಿಸಬಹುದು. ಕಲ್ಲಿನ ಗೋಡೆ ಮೂರು ಕಡೆ, ಮುಂದೆ ಗಟ್ಟಿ ಕಬ್ಬಿಣದ ಜಾಲರಿ ಬಾಗಿಲು. ಮೇಲೆ ಚಾವಣಿ ಇರಲೇಬೇಕು. ಬರೀ ಸುತ್ತುಗೋಡೆ ಕಟ್ಟಿ ಸುಮ್ಮನಾಗಬೇಡಿ, ಆಳೆತ್ತರದ ಗೋಡೆ ಚಿರತೆಗೆ ಒಂದು ಲೆಕ್ಕವೇ ಅಲ್ಲ. ಚಾವಣಿ ಅಂತ ತಗಡಿನ ಶೀಟು ಹಾಕಿದರೆ ಇನ್ನೊಂದು ತೊಂದರೆ. ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ನಾಯಿಗೆ ನಮ್ಮ ಹಾಗೆ ಮೈ ಬೆವರುವುದಿಲ್ಲ. ನಾಲಿಗೆ ಹೊರಗೆ ಹಾಕಿ ಏದುಸಿರು ಬಿಟ್ಟೇ ಮೈ ತಣ್ಣಗೆ ಮಾಡಿಕೊಳ್ಳಬೇಕು. ಶೀಟಿನ ಕೆಳಗೆ ಮಧ್ಯಾಹ್ನ ಮುಚ್ಚಿಟ್ಟರೆ ಜೀವಕ್ಕೇ ಕುತ್ತು. ಶೀಟು ಹಾಕಿದರೆ ಮೇಲೆ ಭತ್ತದ ಹುಲ್ಲು ದಪ್ಪಗೆ ಹೊದಿಸಿ.

ಆದರೆ ನನ್ನನ್ನು ಕೇಳಿದರೆ, ನಿಮ್ಮ ಸಜ್ಜಿಗೆ ಗೂಡಿಗಿಂತ ಮನುಷ್ಯರು ಇರುವ ಜಾಗವೇ ಒಳ್ಳೆಯದು. ಆ ಕೊರಳಿನ ನೋವು ಇನ್ನೂ ಅವಳ ತಲೆಯಲ್ಲಿದೆ. ಒಂಟಿಯಾಗಿ ಮುಚ್ಚಿದರೆ ಅದೂ ಹಗ್ಗದ ಹಾಗೇ ಆಗಬಹುದು. ಎಲ್ಲಿಯೇ ಆಗಲಿ, ಮೊದಲ ದಿನವೇ ಒಳಗೆ ತಳ್ಳಿ ಬಾಗಿಲು ಹಾಕಬೇಡಿ. ಹಗಲಲ್ಲಿ ಶುರು ಮಾಡಿ. ಇವತ್ತು ಊಟದ ತಟ್ಟೆ ಬಾಗಿಲ ಹೊರಗೆ. ನಾಳೆ ಹೊಸ್ತಿಲ ಮೇಲೆ. ನಾಡಿದ್ದು ಒಂದು ಮೊಳ ಒಳಗೆ. ಬಾಗಿಲು ತೆರೆದೇ ಇರಲಿ. ಅವಳು ತಾನಾಗಿ ಒಳಗೆ ಮಲಗಿದ ದಿನ ಬಾಗಿಲು ಅರ್ಧ ಮುಚ್ಚಿ, ನೀವೂ ಪಕ್ಕದಲ್ಲೇ ಕೂತಿರಿ. ಗಾಬರಿಯಾದರೆ ತಕ್ಷಣ ತೆರೆಯಿರಿ. ಬಾಗಿಲು ಮತ್ತೆ ತೆರೆಯುತ್ತದೆ ಅಂತ ಅವಳಿಗೆ ನಂಬಿಕೆ ಬರಬೇಕು. ಅದೊಂದು ಬಂದರೆ ಮುಕ್ಕಾಲು ಕೆಲಸ ಮುಗಿದ ಹಾಗೆ.

ಆಸ್ಪತ್ರೆಗೆ ಕರೆದೊಯ್ಯಲು ಕೊರಳಪಟ್ಟಿ ಬೇಡ. ಎದೆಗೆ ಹಾಕುವ ಪಟ್ಟಿ ಸಿಗುತ್ತದೆ, ಕುತ್ತಿಗೆಗೆ ತಾಗುವುದೇ ಇಲ್ಲ. ತಂದು ಒಂದು ವಾರ ಅವಳು ಮಲಗುವ ಜಾಗದಲ್ಲಿ ಸುಮ್ನೆ ಬಿಟ್ಟಿರಿ, ಮೂಸಿ ನೋಡಲಿ.

ಲಸಿಕೆ ವಿಷಯ ನೀವು ಬರೆದಿಲ್ಲ. ರೇಬೀಸ್ ಲಸಿಕೆ ಮೂರು ತಿಂಗಳ ಮರಿಗೆ ಮೊದಲ ಸಲ, ಸುಮಾರು ಒಂದು ತಿಂಗಳಿಗೆ ಇನ್ನೊಂದು, ಆಮೇಲೆ ವರ್ಷಕ್ಕೊಮ್ಮೆ. ಸಜ್ಜಿಗೆ ಕೊನೆಯದು ಯಾವಾಗ ಆಯಿತು? ಗದ್ದೆಯಲ್ಲಿ ಓಡಾಡುವ ನಾಯಿಗೆ ಇಲಿಜ್ವರದ ಲಸಿಕೆಯೂ ಬೇಕು. ನಿಂತ ನೀರಲ್ಲಿ ಇಲಿಯ ಉಚ್ಚೆ ಸೇರಿರುತ್ತದೆ. ಅದು ನಾಯಿಗೂ ಬರುತ್ತದೆ, ನಮಗೂ ಬರುತ್ತದೆ.

ಹತ್ತಿ ಹೊಲ, ರಾಯಚೂರು
ಜನವರಿ 13, ಬೆಳಿಗ್ಗೆ 8.35

ನಾನು ಬೇರೆ ಮಾತು ಹೇಳಬೇಕು. ಯಾರೂ ತಪ್ಪು ತಿಳಿಯಬೇಡಿ.

ನೀವು ಸಜ್ಜಿ ಮನಸ್ಸಾದಾಗ ಹೊಲ ಸುತ್ತುತ್ತಾಳೆ ಅಂತ ಬರೆದಿದ್ದೀರಿ. ಹೋದ ವರ್ಷ ನನ್ನ ಮಗಳಿಗೆ, ಆಗ ಏಳು ವರ್ಷ, ಹೀಗೇ ಹೊಲದಲ್ಲಿ ಬಿಟ್ಟ ನಾಯಿ ಕಚ್ಚಿತು. ಶಾಲೆಯಿಂದ ಬರುತ್ತಿದ್ದಳು. ಆ ನಾಯಿ ಕೆಟ್ಟದ್ದೇನಲ್ಲ, ಮನೆಯವರ ಹತ್ತಿರ ಬಹಳ ಚೆನ್ನಾಗಿತ್ತಂತೆ. ಲಸಿಕೆ ಹಾಕಿಸಿದ್ದೀರಾ ಅಂತ ಕೇಳಿದರೆ ಮನೆಯವರು ಒಬ್ಬರ ಮುಖ ಒಬ್ಬರು ನೋಡಿದರು.

ಪಿಂಡಿಯಲ್ಲಿ ನಾಲ್ಕು ಹಲ್ಲು. ಊರವರು ಕಾರದ ಪುಡಿ ಹಚ್ಚಿ, ಸುಣ್ಣ ಹಚ್ಚಿ ಅಂದರು. ನನ್ನ ಹೆಂಡತಿ ಯಾರ ಮಾತೂ ಕೇಳದೆ ನಲ್ಲಿ ಕೆಳಗೆ ಸೋಪು ಹಾಕಿ ಕಾಲು ಗಂಟೆ ತೊಳೆದಳು. ಅದೇ ಸರಿ ಅಂತ ಆಸ್ಪತ್ರೆಯಲ್ಲಿ ಹೇಳಿದರು. ರಕ್ತ ಬಂದಿದ್ದರಿಂದ ಗಾಯದ ಸುತ್ತ ಸೀರಮ್ ಚುಚ್ಚಿದರು, ಅವತ್ತೇ ಮೊದಲ ಇಂಜೆಕ್ಷನ್, ಆಮೇಲೆ 3, 7, 14, 28ನೇ ದಿನ. ಆ 28 ದಿನ ನಾನು ಅವಳ ನೀರು ಕುಡಿಯುವುದನ್ನೇ ನೋಡುತ್ತಾ ಕೂರುತ್ತಿದ್ದೆ. ರೇಬೀಸ್ ಲಕ್ಷಣ ಒಮ್ಮೆ ಶುರುವಾದರೆ ಉಳಿಯುವುದು ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ ಅಂತ ನನಗೆ ಆಗಲೇ ಗೊತ್ತಿತ್ತು.

ನಿಮ್ಮ ನಾಯಿ ನಿಮಗೆ ಮಗು ಇದ್ದ ಹಾಗೆ. ಒಪ್ಪುತ್ತೇನೆ. ದಾರಿಯಲ್ಲಿ ಹೋಗುವ ಮಕ್ಕಳನ್ನೂ ನೆನೆಯಿರಿ.

ಗುಡ್ಡದ ಕೆಳಗಿನ ಮನೆ, ಗಂಗಾವತಿ
ಜನವರಿ 13, ಮಧ್ಯಾಹ್ನ 1.15

ರಾಯಚೂರಿನ ಅಣ್ಣಾರೆ, ತಪ್ಪು ಯಾಕೆ ತಿಳಿಯಲಿ. ಮಗಳು ಈಗ ಹುಷಾರಾಗಿದ್ದಾಳೆ ತಾನೇ? ನಿಮ್ಮ ಮಾತು ಓದಿ ಎದ್ದು ಹೋಗಿ ಸಜ್ಜಿಯ ಚೀಟಿ ಹುಡುಕಿದೆ. ನಿಜ ಹೇಳುತ್ತೇನೆ. ರೇಬೀಸ್ ಲಸಿಕೆ ಹಾಕಿಸಿದ್ದು 2024ರ ಸೆಪ್ಟೆಂಬರ್‌ನಲ್ಲಿ, ಒಂದೇ ಸಲ. 2025ರಲ್ಲಿ ಹಾಕಿಸಿಲ್ಲ. ಕೊಯ್ಲು, ಮಾರಾಟ ಅಂತ ಮರೆತೇ ಹೋಯಿತು. ಇದಕ್ಕೆ ನನ್ನ ಹತ್ತಿರ ಉತ್ತರವಿಲ್ಲ. ನಾಳೆಯೇ ಹೋಗುತ್ತೇವೆ.

ನಮ್ಮ ಹೊಲದ ಪಕ್ಕದಲ್ಲೇ ಬಂಡಿದಾರಿ ಇದೆ, ಮಕ್ಕಳು ಓಡಾಡುತ್ತಾರೆ. ಸಜ್ಜಿ ಯಾರಿಗೂ ಹಲ್ಲು ತೋರಿಸಿಲ್ಲ, ಆದರೂ ತಮ್ಮನಿಗೆ ಹೇಳಿದ್ದೇನೆ, ದಾರಿ ಕಡೆ ಬೇಲಿ ಹಾಕೋಣ ಅಂತ.

ಲಿಂಗಸುಗೂರಿನ ಅಕ್ಕಾರೆ, ಬೆಳಿಗ್ಗೆ ಹಾಲು ರೊಟ್ಟಿ. ಮಧ್ಯಾಹ್ನ ಅನ್ನ, ಒಂದು ತತ್ತಿ. ರಾತ್ರಿ ಮತ್ತೆ ರೊಟ್ಟಿ, ಮಜ್ಜಿಗೆ. ರೊಟ್ಟಿ ಗಟ್ಟಿಯಿದ್ದರೆ ಕಚ್ಚಿಕೊಂಡು ಹೋಗಿ ಬಣವೆಯಲ್ಲಿ ಬಚ್ಚಿಡುತ್ತಾಳೆ. ಮೇವು ಜಗ್ಗುವಾಗ ಹಳೇ ರೊಟ್ಟಿ ಬೀಳುತ್ತವೆ, ಎಮ್ಮೆ ತಿನ್ನುತ್ತವೆ.

ಅಂಗಳದ ಬೇವು, ಲಿಂಗಸುಗೂರು
ಜನವರಿ 13, ಮಧ್ಯಾಹ್ನ 2.05

ಪಲ್ಯದ ರಸ ಕಲಸಿ ಹಾಕಬೇಡ ತಂಗಿ. ಉಳ್ಳಾಗಡ್ಡಿ, ಬೆಳ್ಳುಳ್ಳಿ ಎರಡೂ ನಾಯಿಯ ರಕ್ತಕ್ಕೆ ಒಳ್ಳೆಯದಲ್ಲ. ನಾನು ಗೊತ್ತಿಲ್ಲದೆ ವರ್ಷಗಟ್ಟಲೆ ಹಾಕುತ್ತಿದ್ದೆ, ನಮ್ಮ ನಾಯಿಯ ವಸಡು ಬಿಳಚಿಕೊಂಡಾಗ ಡಾಕ್ಟರು ಹೇಳಿದರು. ದ್ರಾಕ್ಷಿಯೂ ಬೇಡ, ಮೂತ್ರಪಿಂಡಕ್ಕೆ ಪೆಟ್ಟು. ಕುಷ್ಟಗಿ ಕಡೆಯ ತೋಟದವರಿಗೆ ಇದನ್ನು ಜಾಸ್ತಿ ಹೇಳಬೇಕು.

ಸಿರುಗುಪ್ಪದ ಭತ್ತ
ಜನವರಿ 13, ಸಂಜೆ 7.20

ಚಿರತೆ ಒಂದು ಕಡೆ ಇರಲಿ. ಗದ್ದೆ ಸೀಮೆಯಲ್ಲಿ ನಾಯಿ ಸಾಯುವುದು ಇಲಿ ಪಾಷಾಣಕ್ಕೆ. ಬದುವಿನ ಬಿಲಕ್ಕೆ ಹಿಟ್ಟಿನ ಉಂಡೆಯಲ್ಲಿ ಕಲಸಿ ಇಡುತ್ತೇವಲ್ಲ, ಕಪ್ಪು ಪುಡಿ, ಜಿಂಕ್ ಫಾಸ್ಫೈಡ್. ನಾಯಿ ಆ ಉಂಡೆ ತಿನ್ನಬಹುದು, ಅದನ್ನು ತಿಂದು ಸತ್ತ ಇಲಿಯನ್ನೂ ತಿನ್ನಬಹುದು. ಹೊಟ್ಟೆಗೆ ಹೋದ ಮೇಲೆ ಅದಕ್ಕೆ ಮದ್ದು ಅಂತ ಇಲ್ಲ. ನನ್ನ ರಾಜಾ ಹೋಗಿದ್ದು ನಾನೇ ಇಟ್ಟ ಉಂಡೆಯಿಂದ. ಅಕ್ಕಪಕ್ಕದವರಿಗೆ ಹೇಳಿಡಿ, ಇಡುವ ದಿನ ನಿಮಗೆ ತಿಳಿಸಲಿ. ಉಂಡೆಯನ್ನು ಬಿಲದ ಒಳಕ್ಕೆ ತಳ್ಳಿ ಮಣ್ಣು ಮುಚ್ಚಬೇಕು. ಬೆಳಿಗ್ಗೆ ಎದ್ದು ಸತ್ತ ಇಲಿಗಳನ್ನು ಹುಡುಕಿ ಹೂಳಬೇಕು.

ಕಬ್ಬಿಣದ ಮಣ್ಣು, ಸಂಡೂರು
ಜನವರಿ 14, ಬೆಳಿಗ್ಗೆ 7.00

ನಮ್ಮಲ್ಲಿ ಕರಡಿ. 1994ರಲ್ಲಿ ದರೋಜಿ ಕರಡಿಧಾಮ ಆಗುವ ಮುಂಚೆಯೂ ಇದ್ದವು, ಈಗಲೂ ಶೇಂಗಾ ಹೊಲಕ್ಕೆ ಬರುತ್ತವೆ. ನಾಯಿ ಬೊಗಳಿದರೆ ನಾವು ಓಡಿ ಹೋಗುವುದಿಲ್ಲ, ಒಳಗಿನಿಂದ ಡಬ್ಬ ಬಡಿಯುತ್ತೇವೆ. ನಿಮ್ಮ ಅಪ್ಪಾಜಿಗೂ ಹೇಳಿ, ಸಜ್ಜಿ ಕೂಗಿದಳು ಅಂತ ಕೋಲು ಹಿಡಿದು ಒಬ್ಬರೇ ಹೊರಗೆ ಹೋಗಬಾರದು. ಅರಣ್ಯ ಇಲಾಖೆಯ ಸಹಾಯವಾಣಿ 1926. ಹೆಜ್ಜೆ ಗುರುತಿನ ಪಕ್ಕ ಬೆಂಕಿಪೊಟ್ಟಣ ಇಟ್ಟು ಫೋಟೋ ತೆಗೆದುಕೊಳ್ಳಿ, ಅಳತೆ ತಿಳಿಯುತ್ತದೆ. ದನಕರು, ನಾಯಿಗೆ ರಾತ್ರಿ ಹೊತ್ತು ಏನಾದರೂ ಆದರೆ ಪಶು ಆಂಬುಲೆನ್ಸಿಗೆ 1962. ಎರಡೂ ಗೋಡೆ ಮೇಲೆ ಬರೆದಿಡಿ.

ಗುಡ್ಡದ ಕೆಳಗಿನ ಮನೆ, ಗಂಗಾವತಿ
ಜನವರಿ 19, ರಾತ್ರಿ 8.30

ಎಲ್ಲರಿಗೂ ಋಣಿ. ಏನೇನಾಯಿತು ಹೇಳುತ್ತೇನೆ.

14ಕ್ಕೆ ರೇಬೀಸ್ ಲಸಿಕೆ ಆಯಿತು. ಇಲಿಜ್ವರ, ಪಾರ್ವೊ, ಡಿಸ್ಟೆಂಪರ್ ಎಲ್ಲಾ ಸೇರಿದ್ದನ್ನೂ ಹಾಕಿದರು. ಅದಕ್ಕೆ ಇನ್ನೊಂದು ಡೋಸ್ ಬಾಕಿ. ಎತ್ತಿಕೊಂಡೇ ಹೋದೆವು, 17 ಕೆಜಿ ಇದ್ದಾಳೆ, ತಮ್ಮನ ಕೈ ಬಿದ್ದುಹೋಯಿತು. ಅರಣ್ಯ ಇಲಾಖೆಯವರು ಬಂದು ಹೆಜ್ಜೆ ನೋಡಿಕೊಂಡು ಹೋದರು.

ಅಪ್ಪ ಕಟ್ಟುವ ಮಾತು ಬಿಟ್ಟರು. ಕನಕಗಿರಿಯ ಅಣ್ಣ ಬರೆದದ್ದನ್ನು ನಾನು ಗಟ್ಟಿಯಾಗಿ ಓದಿದೆ. ಸರಪಳಿ ಸದ್ದು ಅನ್ನುವ ಕಡೆ ಬಂದಾಗ ಎದ್ದು ಹೊರಗೆ ಹೋದರು. ಆದರೆ ಮನೆಯೊಳಗೆ ಮಾತ್ರ ಬೇಡ ಅಂದರು. ಕಾಳಿನ ಚೀಲ ಇಡುವ ಕೋಣೆ ಹೊರಬಾಗಿಲ ಪಕ್ಕದಲ್ಲಿದೆ, ಅಲ್ಲಿರಲಿ ಅಂತ ಆಯಿತು. ಕುಷ್ಟಗಿ ಸರ್ ಹೇಳಿದ ಹಾಗೇ ಮಾಡಿದೆವು. ಮೊದಲ ದಿನ ತಟ್ಟೆ ಹೊರಗೆ. ಎರಡನೇ ದಿನ ಹೊಸ್ತಿಲ ಮೇಲೆ. ಮೂರನೇ ದಿನ ಮುಂಗಾಲು ಒಳಗೆ, ಹಿಂಗಾಲು ಹೊರಗೆ ಇಟ್ಟುಕೊಂಡು ಮೈ ಉದ್ದ ಮಾಡಿ ತಿಂದಳು. ಐದನೇ ದಿನ ಚೀಲದ ಮೇಲೆ ಹತ್ತಿ ಮಲಗಿದಳು.

ನಿನ್ನೆ ರಾತ್ರಿ ಬಾಗಿಲು ಹಾಕಿದೆವು. ಹತ್ತು ನಿಮಿಷ ಸುಮ್ಮನಿದ್ದಳು. ಆಮೇಲೆ ಅಳು. ಬೊಗಳುವುದಲ್ಲ, ಸಣ್ಣ ಮಕ್ಕಳ ಹಾಗೆ. ಬಾಗಿಲು ಕೆರೆದು ಕೆರೆದು ಒಂದು ಉಗುರು ಕಿತ್ತುಕೊಂಡಿದ್ದಾಳೆ. ತೆರೆದುಬಿಟ್ಟೆ. ಓಡಿ ಹೋಗಿ ಕರುವಿನ ಪಕ್ಕ ಮಲಗಿದಳು. ನಾನು ಅವ್ವ ಇಬ್ಬರೂ ಬೆಳಗಿನವರೆಗೆ ಕೊಟ್ಟಿಗೆ ಬಾಗಿಲಲ್ಲಿ ಕಾದು ಕೂತೆವು. ದಿನಾ ಹೀಗೆ ಕೂರಲು ಆಗುವುದಿಲ್ಲ. ಕೋಣೆ ಬೇಡ, ಅವಳಿಗೆ ಯಾರಾದರೂ ಜೊತೆ ಇರಬೇಕು. ಅಪ್ಪ ಪಡಸಾಲೆಯಲ್ಲಿ ಮಲಗುತ್ತಾರೆ. ಅವರೊಬ್ಬರು ಹೂಂ ಅಂದರೆ ಮುಗಿಯಿತು.

ನಿವೃತ್ತ ಪಶು ಪರೀಕ್ಷಕ, ಕುಷ್ಟಗಿ
ಜನವರಿ 19, ರಾತ್ರಿ 9.10

ಬಾಗಿಲು ತೆರೆದದ್ದು ಒಳ್ಳೆಯದು ಮಾಡಿದಿರಿ. ಉಗುರಿಗೆ ಉಪ್ಪು ಹಾಕಿದ ಬೆಚ್ಚಗಿನ ನೀರಲ್ಲಿ ತೊಳೆದು ಬಟ್ಟೆ ಕಟ್ಟಿ, ನೆಕ್ಕಲು ಬಿಡಬೇಡಿ. ಕೆಸರು ಸೋಕಿಸಬೇಡಿ. ಎರಡು ದಿನಕ್ಕೆ ಬಾವು ಇಳಿಯದಿದ್ದರೆ ಆಸ್ಪತ್ರೆಗೆ.

ಹೊಳೆದಂಡೆ, ಕಂಪ್ಲಿ
ಜನವರಿ 19, ರಾತ್ರಿ 10.40

ನಾನು ಇಷ್ಟು ದಿನ ಸುಮ್ಮನೆ ಓದುತ್ತಿದ್ದೆ. ಅಪ್ಪಾಜಿಯವರಿಗೆ ಒಂದು ಮಾತು, ನೀವೇ ಓದಿ ಹೇಳಿ.

ನಮ್ಮದು ಮೈಲಾರಲಿಂಗನ ಒಕ್ಕಲು. ಪ್ರತಿ ವರ್ಷ ಭರತ ಹುಣ್ಣಿಮೆ ಮುಂದೆ ಹಡಗಲಿ ತಾಲ್ಲೂಕಿನ ಮೈಲಾರಕ್ಕೆ ಹೋಗುತ್ತೇವೆ, ಕಾರಣಿಕ ಕೇಳಿಕೊಂಡೇ ಬರುತ್ತೇವೆ. ಕಂಬಳಿ ಹೊದ್ದ ಗೊರವಯ್ಯಗಳನ್ನು ಅಪ್ಪಾಜಿಯವರೂ ನೋಡಿರುತ್ತಾರೆ. ದೋಣಿ ಸೇವೆಯಲ್ಲಿ ಮರದ ದೋಣಿಗೆ ಹಾಲು, ಬಾಳೆಹಣ್ಣು, ಅನ್ನ ಹಾಕುತ್ತೇವೆ. ಗೊರವಯ್ಯಗಳು ನೆಲಕ್ಕೆ ಮೊಣಕಾಲೂರಿ, ನಾಯಿಯ ಹಾಗೆ ಬೊಗಳುತ್ತಾ ಬಾಯಿಂದಲೇ ಉಣ್ಣುತ್ತಾರೆ. ನಮ್ಮ ಅಜ್ಜಿ ಆ ಹೊತ್ತಿನಲ್ಲಿ ಅವರ ಕಾಲಿಗೆ ಬೀಳುತ್ತಿದ್ದಳು. ದೇವರ ಹಿಂದೆ ನಾಯಿ ನಡೆಯುತ್ತದೆ, ನಾಯಿ ಇಲ್ಲದೆ ಮಲ್ಲಯ್ಯ ಎಲ್ಲಿಗೂ ಹೊರಡುವುದಿಲ್ಲ ಅನ್ನುತ್ತಿದ್ದಳು. ನಮ್ಮ ಮನೆಯಲ್ಲಿ ದೇವರ ಜಗಲಿ ಇರುವ ಪಡಸಾಲೆಯಲ್ಲೇ ನಾಯಿ ಮಲಗುತ್ತದೆ. ಅಜ್ಜಿ ಕಾಲದಿಂದ ಹಾಗೇ. ದೇವರು ಮುನಿಸಿಕೊಂಡಿದ್ದು ನಾವು ಕಂಡಿಲ್ಲ.

ಕನ್ನಡ ಮೇಷ್ಟ್ರು, ಯಲಬುರ್ಗಾ
ಜನವರಿ 20, ಬೆಳಿಗ್ಗೆ 6.45

ನಾನು ಮಕ್ಕಳಿಗೆ ಆತಕೂರಿನ ಶಾಸನದ ಕಥೆ ಹೇಳುತ್ತಿರುತ್ತೇನೆ. ಹತ್ತನೇ ಶತಮಾನದ್ದು, ಮಂಡ್ಯ ಸೀಮೆಯದು. ಕಾಳಿ ಅನ್ನುವ ಬೇಟೆನಾಯಿ ದೊಡ್ಡ ಹಂದಿಯ ಮೇಲೆ ಬಿತ್ತು. ಹಂದಿಯೂ ಸತ್ತಿತು, ನಾಯಿಯೂ ಸತ್ತಿತು. ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟುಕೊಟ್ಟು ಪೂಜೆ ನಡೆಯುವ ಹಾಗೆ ಮಾಡಿದರು. ಆ ಕಲ್ಲು ಈಗ ಬೆಂಗಳೂರಿನ ಮ್ಯೂಸಿಯಂನಲ್ಲಿದೆ. ಮಕ್ಕಳಿಗೆ ಬಹಳ ಇಷ್ಟ.

ಆದರೆ ಈ ಚರ್ಚೆ ಓದಿದ ಮೇಲೆ ಅನ್ನಿಸಿತು, ಕಾಳಿಗೆ ಕಲ್ಲು ಸಿಕ್ಕಿತು, ಸರಿ. ಸಜ್ಜಿಗೆ ಕಲ್ಲು ಬೇಡ. ಅವಳು ಬೆಳ್ಳಕ್ಕಿ ಹಿಂದೆ ಓಡಲಿ.

ಗುಡ್ಡದ ಕೆಳಗಿನ ಮನೆ, ಗಂಗಾವತಿ
ಫೆಬ್ರವರಿ 3, ಬೆಳಿಗ್ಗೆ 5.50

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಬೇಲಿ ಕೆಲಸ ನಡೆದಿತ್ತು. ದಾರಿ ಕಡೆ ಪೂರ್ತಿ ಮುಗಿದಿದೆ. ರಾಯಚೂರಿನ ಅಣ್ಣಾರೆ, ನಿಮ್ಮ ಮಗಳನ್ನು ನೆನೆಸಿಕೊಂಡೇ ಹಾಕಿದ್ದು.

ಕಂಪ್ಲಿಯವರು ಬರೆದದ್ದನ್ನು ಮರುದಿನ ಊಟದ ಹೊತ್ತಲ್ಲಿ ಓದಿದೆ. ಅಪ್ಪ ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, ನನ್ನ ಅಜ್ಜ ಒಮ್ಮೆ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಮೈಲಾರಕ್ಕೆ ಹೋಗಿದ್ದ ಅಂದರು. ಇದನ್ನು ಅವರು ನಮಗೆ ಯಾವತ್ತೂ ಹೇಳಿರಲಿಲ್ಲ. ಆಮೇಲೆ ಕೈ ತೊಳೆದು ಬಂದು, ಒಂದು ಗೋಣಿಚೀಲ ಝಾಡಿಸಿ, ಅವರ ಮಂಚದ ಪಕ್ಕ ಹಾಸಿದರು. ಹೊರಗೆ ಹೋಗಿ ಅವರೇ ಕರೆದರು. "ಬಾರವ್ವ, ಒಳಗ ಬಾ."

ಸಜ್ಜಿ ಬರಲಿಲ್ಲ. ಹೊಸ್ತಿಲ ಆಚೆ ನಿಂತು ಅವರ ಮುಖವನ್ನೇ ನೋಡಿದಳು. ಒಂದೂವರೆ ವರ್ಷದಿಂದ ಬೇಡ ಅನ್ನಿಸಿಕೊಂಡ ಜಾಗ ಅಲ್ವಾ. ಅಪ್ಪ ಹೊಸ್ತಿಲ ಹತ್ತಿರ ನೆಲದ ಮೇಲೆ ಕೂತರು. ಮಂಡಿನೋವು ಇದೆ ಅವರಿಗೆ, ಕೆಳಗೆ ಕೂರುವುದೇ ಇಲ್ಲ. ಕೂತು, ಕೈಯನ್ನು ಮೇಲ್ಮುಖ ಮಾಡಿ ನೆಲದ ಮೇಲೆ ಇಟ್ಟರು. ಅವಳು ಮೊದಲು ಬೆರಳು ಮೂಸಿದಳು. ಆಮೇಲೆ ಒಂದು ಕಾಲು ಒಳಗೆ. ಆಮೇಲೆ ಇನ್ನೊಂದು. ಒಳಗೆ ಬಂದವಳೇ ಗೋಣಿಚೀಲ ಬಿಟ್ಟು ಅಪ್ಪನ ಚಪ್ಪಲಿ ಹುಡುಕಿ ತಂದು, ಅದರ ಮೇಲೆ ಗದ್ದ ಇಟ್ಟು ಮಲಗಿದಳು. ಬಾಗಿಲು ಹಾಕಿದೆವು. ಅಗುಳಿ ಸದ್ದಿಗೆ ಕಿವಿ ಎತ್ತಿದಳು. ಅಪ್ಪ ಮಂಚದಿಂದ ಕೈ ಇಳಿಬಿಟ್ಟು ಅವಳ ಬೆನ್ನ ಮೇಲೆ ಇಟ್ಟರು. ಅಷ್ಟೇ.

ಹದಿನಾಲ್ಕು ರಾತ್ರಿ ಆಯಿತು. 27ರಂದು ರಾತ್ರಿ ಎರಡೂವರೆಗೆ ಸಜ್ಜಿ ಗುರುಗುಟ್ಟಿದಳು. ಎಮ್ಮೆಗಳೂ ಎದ್ದು ನಿಂತ ಸದ್ದು. ಅಪ್ಪ ಹೊರಗೆ ಹೋಗಲಿಲ್ಲ. ಸಂಡೂರಿನವರು ಹೇಳಿದಂತೆ ಒಳಗಿನಿಂದಲೇ ಲೈಟು ಹಾಕಿ, ತಮ್ಮ ತಗಡಿನ ಡಬ್ಬ ಬಡಿದ. ಬೆಳಿಗ್ಗೆ ನೋಡಿದರೆ ಕೊಟ್ಟಿಗೆ ಹಿಂದೆ, ಅವಳು ಮೊದಲು ಮಲಗುತ್ತಿದ್ದ ಗೋದಲಿಯಿಂದ ಹತ್ತು ಹೆಜ್ಜೆ ದೂರದಲ್ಲಿ, ಹಸಿ ಮಣ್ಣಲ್ಲಿ ಗುರುತು. ಬೆಂಕಿಪೊಟ್ಟಣ ಇಟ್ಟು ಫೋಟೋ ತೆಗೆದು ಕಳಿಸಿದ್ದೇವೆ. ಕರು ಇರುವ ಕಡೆ ಈಗ ಜಾಲರಿ ಬಾಗಿಲು ಮಾಡಿಸುತ್ತಿದ್ದೇವೆ.

ಎದೆಪಟ್ಟಿ ಇನ್ನೂ ಗೋಣಿಚೀಲದ ಪಕ್ಕ ಬಿದ್ದಿದೆ. ಮೊದಲು ದೂರ ಕೂರುತ್ತಿದ್ದಳು. ಮೊನ್ನೆಯಿಂದ ಅದರ ಮೇಲೆ ಕಾಲು ಚಾಚುತ್ತಾಳೆ.

ಇದನ್ನು ಬರೆಯುತ್ತಿರುವಾಗಲೇ ಅವ್ವ ಅಗುಳಿ ತೆಗೆದಳು. ಸಜ್ಜಿ ಹೊಸ್ತಿಲ ಮೇಲೆ ನಿಂತು ಉದ್ದಕ್ಕೆ ಮೈ ಮುರಿದು, ಚರಿಗೆ ಹಿಂದೆ ಕೊಟ್ಟಿಗೆಗೆ ಹೋದಳು.

ಕುರಿಹಟ್ಟಿ, ಕನಕಗಿರಿ
ಫೆಬ್ರವರಿ 3, ಬೆಳಿಗ್ಗೆ 6.30

ಹತ್ತು ಹೆಜ್ಜೆ ಅಂದಿರಲ್ಲ ಅಕ್ಕಾರೆ, ಮೈ ಜುಂ ಅಂದಿತು. ಅಪ್ಪಾಜಿಯವರಿಗೆ ನನ್ನ ಶರಣು ತಿಳಿಸಿ.

ನಿವೃತ್ತ ಪಶು ಪರೀಕ್ಷಕ, ಕುಷ್ಟಗಿ
ಫೆಬ್ರವರಿ 3, ಬೆಳಿಗ್ಗೆ 6.55

ಬಹಳ ಸಂತೋಷ. ಎರಡನೇ ಡೋಸ್ ತಾರೀಖು ಯಾವಾಗ?

ಗುಡ್ಡದ ಕೆಳಗಿನ ಮನೆ, ಗಂಗಾವತಿ
ಫೆಬ್ರವರಿ 3, ಬೆಳಿಗ್ಗೆ 7.10

11ಕ್ಕೆ ಸರ್. ಅಪ್ಪ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಲ್ಲಿ ಗುರುತು ಹಾಕಿದ್ದಾರೆ. 2027ರ ಜನವರಿಯ ರೇಬೀಸ್ ಲಸಿಕೆಯನ್ನೂ ಹಿಂದಿನ ರಟ್ಟಿನ ಮೇಲೆ ಬರೆದಿದ್ದಾರೆ.

ಅಂಗಳದ ಬೇವು, ಲಿಂಗಸುಗೂರು
ಫೆಬ್ರವರಿ 3, ಬೆಳಿಗ್ಗೆ 7.40

ತಂಗಿ, ಫೋಟೋ.